ನೂರು ಮನೆಯ ಹಾಸು, ನಾಲ್ಕು ಮಣ್ಣೆತ್ತು

ಅಣ್ಣನ ಜೊತೆ ಏಳು ವರ್ಷ ಚದುರಂಗ ಆಡಿ ನಾನು ಒಮ್ಮೆಯೂ ಗೆದ್ದಿರಲಿಲ್ಲ. ಅವನು ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತ, ನಾನು ಕಮತಗಿಯಲ್ಲಿ ಶಾಲಾ ಮಾಸ್ತರ. ಸಂಜೆ ನಾನು ಬಸ್ಸಿಳಿದು ಮನೆಗೆ ಬಂದರೆ, ಮುಖ ತೊಳೆಯುವ ಮೊದಲೇ ಹಾಸು ಬಿಡಿಸಿಕೊಂಡು ಕೂತಿರುತ್ತಿದ್ದ. ಸೋಲನ್ನಾದರೂ ಸಹಿಸಬಹುದಿತ್ತು. ಗೆದ್ದ ಮೇಲೆ "ಚಾ ಕುಡೀಲೇ, ತಲಿ ಬಿಸಿ ಆಗಿರಬೇಕು" ಎನ್ನುತ್ತಿದ್ದನಲ್ಲ, ಅದು ಮೈಯೆಲ್ಲ ಉರಿಸುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಮುಂಗಾರಿನಲ್ಲಿ ನನ್ನನ್ನು ಸೋಲಿಸಿ ಸೋಲಿಸಿ ಅವನಿಗೇ ಬೇಸರ ಬಂತು. ಇಳಕಲ್ಲಿನ ಜವಳಿ ಅಂಗಡಿಯ ರಟ್ಟಿನ ಮೇಲೆ ಸಾಲಿಗೆ ಹತ್ತರಂತೆ ನೂರು ಮನೆ ಗೆರೆ ಹೊಡೆದ. ಕಡಿಮೆ ಬಿದ್ದ ಪ್ಯಾದೆಗಳಿಗೆ ಹುಣಸೆಬೀಜ ಬಂದವು. ಮೂಲೆಗೊಂದು ಎತ್ತು ಬೇಕೆಂದು ಕೆರೆಯ ಮಣ್ಣು ತಂದು ನಾಲ್ಕು ಎತ್ತು ತಿದ್ದಿ ನೆರಳಿಗೆ ಒಣಗಿಸಿದ. ಗುರುತಿಗೆಂದು ನನ್ನವೆರಡಕ್ಕೆ ಸುಣ್ಣ ಬಳಿದ. ಎತ್ತು ನೇರ ಮೂರನೆಯ ಮನೆಗೆ ಜಿಗಿಯಬೇಕು, ನಡುವೆ ಯಾರಿದ್ದರೂ ತಡೆಯಿಲ್ಲ. ಕಾನೂನೆಲ್ಲ ಅವನದೇ. ಆದರೆ ಈ ಹಾಸಿನ ಮೇಲೆ ತಾನೂ ನನ್ನಷ್ಟೇ ಹೊಸಬ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ ಸಂಜೆ ಶುರುವಾದ ಆಟ ರವಿವಾರ ಬೆಳಿಗ್ಗೆಗೂ ಉಳಿಯಿತು. ಅವನ ರಾಜ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಬಿದ್ದಿದ್ದ. ನನ್ನ ಎತ್ತು ಇನ್ನೊಮ್ಮೆ ಜಿಗಿದರೆ ಶಹ, ಅಲ್ಲಿಗೆ ಆಟ ಮುಗಿಯಿತು. ಸರದಿ ಅವನದಿತ್ತು; ಏನು ನಡೆಸಿದರೂ ಉಳಿಗಾಲವಿರಲಿಲ್ಲ. ಅರ್ಧ ತಾಸು ಹಾಸು ನೋಡಿ, "ಅಮಾಸಿ ಐತಿ, ಮೊದ್ಲ ಜಳಕಾ ಮಾಡ್ಕೊಂಡು ಬಾ. ಆಮ್ಯಾಲೆ ಮುಗಿಸೂಣು" ಎಂದ.

ತಲೆ ಒರೆಸುತ್ತ ಬಂದರೆ ಹಾಸಿನ ಮೇಲೆ ಎತ್ತುಗಳಿಲ್ಲ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ನಾಲ್ಕೂ ದೇವರ ಜಗಲಿ ಏರಿ, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಹೋಳಿಗೆಯ ಎಡೆಯ ಮುಂದೆ ನಿಂತಿದ್ದವು. ಅವ್ವ ಆರತಿ ಮುಗಿಸುತ್ತಿದ್ದಳು.

"ಅವ್ವಾ, ಅವು ಆಟದ್ದು!"

"ಮಣ್ಣೆತ್ತು ಮತ್ತ್ಯಾಕ ಮಾಡ್ತಾರೋ? ಪೂಜಿ ಆದ ಎತ್ತು ಆಟಕ್ಕ ಕೊಡಂಗಿಲ್ಲ."

ಎತ್ತಿನ ಜಾಗಕ್ಕೆ ಒಂದು ಕಲ್ಲು ಇಟ್ಟೆ. "ಕಲ್ಲು ಜಿಗೀತೈತೇನಲೇ?" ಎಂದು ಅಣ್ಣ ರಟ್ಟು ಮಡಚಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟೆಲ್ಲ ಅವ್ವನ ಮೇಲೆ ಹರಿಯಿತು. ನಿನಗೆ ಬುದ್ಧಿಯಿಲ್ಲ ಎಂದೆ, ಇಲ್ಲಿ ಬರೆಯಬಾರದ್ದನ್ನೂ ಅಂದೆ, ಹೋಳಿಗೆ ಮುಟ್ಟಲಿಲ್ಲ. ನನ್ನ ಪಾಲಿನದನ್ನೂ ಅಣ್ಣ ತಿಂದ. ಪೂಜೆ ಮುಗಿದ ಎತ್ತುಗಳು ವಾಡಿಕೆಯಂತೆ ಬಾವಿ ಸೇರಿದವು. ನೂರು ಮನೆಯ ಹಾಸನ್ನು ಎಷ್ಟು ಗೋಗರೆದರೂ ಅವನು ಮತ್ತೆ ಬಿಡಿಸಲಿಲ್ಲ. ಹಳೆಯ ಹಾಸು, ಹಳೆಯ ಸೋಲು.

ಆಮೇಲೆ ಏಳೆಂಟು ವರ್ಷ, ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೂ ಆ ಆಟದ ಮಾತು ತೆಗೆದು ಅವ್ವನನ್ನು ಹಂಗಿಸುತ್ತಿದ್ದೆ. ಅವಳು ತನ್ನ ಪಾಡಿಗೆ ಕಣಕ ನಾದುತ್ತಿದ್ದಳು. ಒಂದು ವರ್ಷ ನನ್ನ ಹೆಂಡತಿಗೇ ತಡೆಯಲಾಗಲಿಲ್ಲ. "ಅತ್ತಿ, ನೀವರ ಯಾಕ ಕೇಳ್ಕೋತ ಕುಂದರ್ತೀರಿ?" ಎಂದಳು. ಆಗ ಅವ್ವ ನನ್ನ ಕಡೆ ತಿರುಗಿದಳು.

"ನಿಮ್ಮಣ್ಣನೇ ಬಂದು ಹೇಳಿದ್ನೋ. ಅವ್ವಾ, ಎತ್ತು ಲಗೂನ ಜಗಲಿಗೆ ಒಯ್ಯಿ, ಇಲ್ಲಂದ್ರ ತಮ್ಮ ಗೆಲ್ತಾನ ಅಂತ."

ನಾನು ಗೆದ್ದದ್ದು ಅವನಿಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು. ಇಷ್ಟು ವರ್ಷ ಒಬ್ಬನೇ ಕೂಗಾಡಿದವನು ನಾನು.

"ಮತ್ತ ಅವನ ಮಾತು ಯಾಕ ಕೇಳಿದಿ? ನನ್ನ ಕಡಿಂದ ಯಾಕ ಬೈಸ್ಕೊಂಡಿ?"

"ಸೋಲೂದು ಅವಗ ಆಗಂಗಿಲ್ಲಪಾ," ಎಂದಳು ಅವ್ವ. "ನಿನಗ ರೂಢಿ ಆಗಿತ್ತು."