ಕನ್ನಡಕದಂಗಡಿಯವಳ ಪ್ರಶ್ನೆಗಳು

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದ ಆಕೆ, ಮಗಳು ನೌಕರಿಗೆ ಸೇರಿದ ಮೇಲೆ ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದತೊಡಗಿದಳು. ಕ್ವಾಂಟಮ್ ಪಾಠ ಶುರುವಾದ ವಾರವೇ ಎದ್ದು ನಿಂತು ಕೇಳಿದಳು: "ಸರ್, ಅಳೆಯೋಕೆ ಮುಂಚೆ ಎಲೆಕ್ಟ್ರಾನ್ ಎಲ್ಲಿರುತ್ತೆ? ಎಲ್ಲಿದೆ ಅಂತ ನಮಗೆ ಗೊತ್ತಿಲ್ವಾ, ಇಲ್ಲಾ ಅದಕ್ಕೊಂದು ಜಾಗ ಅನ್ನೋದೇ ಇಲ್ವಾ?"

"ಅಜ್ಜಿಯಾಗೋ ವಯಸ್ಸಲ್ಲಿ ಇದೆಲ್ಲ ಯಾಕಮ್ಮಾ? ಸೂತ್ರ ಬಾಯಿಪಾಠ ಮಾಡಿ, ಸಾಕು," ಎಂದರು ಮೇಷ್ಟ್ರು. ತರಗತಿ ಗೊಳ್ಳೆಂದು ನಕ್ಕಿತು. ಆದರೆ ಪಾಠ ಮುಗಿದ ಮೇಲೆ, ಅವಳು ತನ್ನ ಪ್ರಶ್ನೆಗಳನ್ನೆಲ್ಲ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ಓದಿ ಕೊಡುತ್ತೇನೆಂದು ಇಸಿದುಕೊಂಡರು. ಅವಳು ಹಿಗ್ಗಿ ಹೀರೇಕಾಯಿಯಾದಳು.

ನೋಟ್‌ಬುಕ್ಕು ವಾಪಸು ಬರಲಿಲ್ಲ. ಮರುವರ್ಷ ಗ್ರಂಥಾಲಯಕ್ಕೆ ಮೇಷ್ಟ್ರ ಹೊಸ ಪುಸ್ತಕ ಬಂತು. ಅದರಲ್ಲಿದ್ದ ಮೂವತ್ತೊಂದು ಪ್ರಶ್ನೆಗಳೂ ಅವಳವೇ. ಒಂದು ಪದವೂ ಬದಲಾಗಿರಲಿಲ್ಲ. 'ವರ್ಷಗಟ್ಟಲೆ ನನ್ನ ತಲೆ ಕೊರೆದ ಪ್ರಶ್ನೆಗಳು' ಎಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದರು.

ಅವಳು ಪುಸ್ತಕ ಹಿಡಿದು ಅವರ ಕೊಠಡಿಗೆ ಹೋದಳು.

"ಪ್ರಶ್ನೆಗೆ ಯಾರಾದ್ರೂ ಒಡೆಯರು ಇರ್ತಾರೇನಮ್ಮಾ?" ಎಂದರು ಮೇಷ್ಟ್ರು, ತಲೆಯೆತ್ತದೆ.

"ಪ್ರಶ್ನೆ ಎಲ್ಲರದ್ದೂ ಇರಬಹುದು ಸರ್. ನಗೆಪಾಟಲಾಗಿದ್ದು ಮಾತ್ರ ನಾನೊಬ್ಬಳೇ," ಎಂದಳು.

ನೋಟ್‌ಬುಕ್ಕನ್ನು ಅವರ ಮೇಜಿನ ಡ್ರಾಯರಿನಿಂದ ತೆಗೆಸಿಕೊಂಡೇ ಹೊರಬಂದಳು. ಪದವಿಯನ್ನೇನೋ ಪಡೆದಳು, ಆದರೆ ಆ ಕಾಲೇಜಿನಲ್ಲಿ ಮತ್ತೆಂದೂ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ.