ವಿಯೆಟ್ನಾಂ ಪಾಠ ಮಾಡಿದ ವರ್ಷ

ಕಳೆದ ವಾರ ಪಕ್ಕದ ಮನೆಯವರು ಗುಲಾಬಿ ಗಿಡಗಳಿಗೆ ಏನೋ ಸ್ಪ್ರೇ ಮಾಡುತ್ತಿದ್ದರು. ಒಳ್ಳೆಯ ಜನ. "ಆಂಟಿ, ಸ್ವಲ್ಪ ಕಿಟಕಿ ಹಾಕಿಕೊಳ್ಳಿ" ಎಂದು ಮೊದಲೇ ಹೇಳಿ ಹೋಗಿದ್ದರು. ನಾನು ಹಾಕಿಕೊಂಡೆ ಕೂಡ. ಆದರೆ ವಾಸನೆಗೆ ನಮ್ಮ ನಿಮ್ಮ ಹಾಗೆ ಮ್ಯಾನರ್ಸ್ ಇಲ್ಲ ನೋಡಿ. ಸೀಮೆಎಣ್ಣೆಯೂ ಅಲ್ಲದ, ಹುಳಿತ ಹಣ್ಣೂ ಅಲ್ಲದ ಒಂದು ವಾಸನೆ ಅಡುಗೆಮನೆಯ ವೆಂಟಿಲೇಟರಿನಿಂದ ಇಳಿದು ಬಂದು ನನ್ನ ಕಾಫಿಯ ಮೇಲೆ ಕುಳಿತುಬಿಟ್ಟಿತು. ಕಾಫಿ ಚೆಲ್ಲಿದೆ. ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ನಾಲ್ಕು ಸಲ ಹುಡುಕುವ ಮುದುಕಿ ನಾನು. ಆದರೆ ಈ ಮೂಗು ಮಾತ್ರ ಏನನ್ನೂ ಮರೆತಿಲ್ಲ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದವಳು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ನಡುವೆ ಬೆಳೆದು, ಸೀನಿದರೂ ಇಂಗ್ಲಿಷಿನಲ್ಲೇ ಕ್ಷಮೆ ಕೇಳುವ ಅಭ್ಯಾಸ ಮಾಡಿಕೊಂಡು, ಎಪ್ಪತ್ತರ ದಶಕದಲ್ಲಿ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಆ ಊರಿಗೆ ಬಂದಿಳಿದೆ. ಸಿಲೆಬಸ್ಸಿನ ಕೊನೆಯಲ್ಲಿ ಇಪ್ಪತ್ತನೆಯ ಶತಮಾನದ ಅಮೆರಿಕ ಎಂಬ ಭಾಗವಿತ್ತು. ಬೇರೆ ಲೆಕ್ಚರರುಗಳಿಗೆ ವಿಜಯನಗರ ಬೇಕು, ಮೈಸೂರು ಬೇಕು. ಅಮೆರಿಕ ಯಾರಿಗೂ ಬೇಡ. "ಹೆಸರುಗಳನ್ನೆಲ್ಲ ನೀವೇ ಚೆಂದ ಹೇಳುದು ಮೇಡಂ" ಎಂದು ಪ್ರಿನ್ಸಿಪಾಲರು ಅದನ್ನು ನನ್ನ ತಲೆಗೆ ಕಟ್ಟಿದರು. ಉಚ್ಚಾರಣೆಯೊಂದೇ ಕ್ವಾಲಿಫಿಕೇಶನ್ ಆಗಿ ಒಂದು ಮಹಾದೇಶದ ಉಸ್ತುವಾರಿ ಸಿಕ್ಕಿದವಳು ಪ್ರಾಯಶಃ ನಾನೊಬ್ಬಳೇ.

ಸುಳ್ಯ, ಮರ್ಕಂಜ, ಕಡಬದ ಕಡೆಯಿಂದೆಲ್ಲ ಮಕ್ಕಳು ಬೆಳಗ್ಗಿನ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದರು. ನನ್ನ ಡಿಕ್ಟೇಶನ್ನಿಗೆ ಸುಖವಾಗಿ ತೂಕಡಿಸುತ್ತಿದ್ದರು. ಕೊನೆಗೆ ಕಬಕದ ಇಬ್ರಾಹಿಂ ಎಂಬ ಹುಡುಗನೇ ಎದ್ದು, "ಮಿಸ್, ಇದನ್ನು ತಾಳಮದ್ದಳೆಯ ಹಾಗೆ ಮಾಡಿದ್ರೆ ಎಂತ?" ಅಂದ. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲೇ ಪಾತ್ರವಾಗಿ ಮಾತಿಗೆ ಮಾತು ಕೊಡುವುದು ಆ ಊರಿನವರಿಗೆ ಹುಟ್ಟಿನಿಂದ ಬಂದದ್ದು. ಹಾಗೆ ನಮ್ಮ ಕ್ಲಾಸಿನಲ್ಲಿ ಮೊದಲ ಮಹಾಯುದ್ಧ ಮುಗಿಯಿತು. ಹದಿನಾಲ್ಕು ಸೂತ್ರ ಹಿಡಿದು ಯುರೋಪಿಗೆ ಹೋದ ಅಮೆರಿಕದ ಅಧ್ಯಕ್ಷನಾಗಿ ಇಬ್ರಾಹಿಂ ಬೆಂಚಿನ ಮೇಲೆ ಗತ್ತಿನಿಂದ ಕುಳಿತ. ಎದುರಿಗೆ ಫ್ರಾನ್ಸ್ ಆಗಿ ಕುಳಿತವಳು ಸುಮತಿ. ಕಡಬದಿಂದಲೂ ಆಚೆಯ ಹಳ್ಳಿಯೊಂದರ, ಎಲುಬು ಎಣಿಸಬಹುದಾದಂಥ ಸಪೂರ ಹುಡುಗಿ.

"ಸೂತ್ರ ತಂದಿದ್ದೀರಿ, ಸಂತೋಷ," ಎಂದಳು ಅವಳು, ತಾಳಮದ್ದಳೆಯ ರಾಗದಲ್ಲೇ. "ಸುಟ್ಟ ಮನೆ ನಮ್ಮದು. ಹಾಳಾದ ಬಾವಿ ನಮ್ಮದು. ಇನ್ನು ಹೇಗೆ ಬದುಕಬೇಕೆಂಬ ಸೂತ್ರ ಮಾತ್ರ ನಿಮ್ಮದು ಹೇಗಾಯಿತು ಮಹಾರಾಯರೇ?"

ಇಬ್ರಾಹಿಂ ಬೆಂಚಿನಿಂದ ಇಳಿದುಬಿಟ್ಟ. "ಮಿಸ್, ಇವಳ ಹತ್ರ ನನಗೆ ಆಗುದಿಲ್ಲ. ಅಮೆರಿಕವನ್ನು ಬೇರೆ ಯಾರಿಗಾದ್ರೂ ಕೊಡಿ" ಅಂದ. ಆ ದಿನ ನಾನು ಸುಮತಿಯನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಡಿಗ್ರಿ ಮಾಡಿಸಬೇಕು, ಆಮೇಲೆ ಮೈಸೂರಿಗೆ ಎಂ.ಎ.ಗೆ ಕಳಿಸಬೇಕು ಎಂದೆಲ್ಲ ಪ್ಲ್ಯಾನು. ಮದುವೆಯಾಗದ ಟೀಚರುಗಳು ಹೀಗೆ ಬೇರೆಯವರ ಮಕ್ಕಳ ಮೇಲೆ ಗೋಪುರ ಕಟ್ಟುವುದು ಒಂದು ಕಾಯಿಲೆ.

ಡಿಪ್ರೆಶನ್ ಆಯಿತು, ಎರಡನೆಯ ಯುದ್ಧ ಆಯಿತು, ಅಣುಬಾಂಬು ಬಿತ್ತು. ಕ್ಲಾಸಿನ ಹೊರಗೆ ಎಂಬತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಡಿಸೆಂಬರಿನ ಹೊತ್ತಿಗೆ ವಿಯೆಟ್ನಾಂ ಬಂತು. ಪುಸ್ತಕದಲ್ಲಿ ಅದಕ್ಕೆ ಒಂದು ಪ್ಯಾರಾ. ನನಗೆ ಸಾಲಲಿಲ್ಲ. ಕಾನ್ವೆಂಟಿನ ಲೈಬ್ರರಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಮ್ಯಾಗಜೀನಿನಲ್ಲಿ ನೋಡಿದ್ದ ಫೋಟೋವನ್ನು ವರ್ಣಿಸಿದೆ. ಕಾಡಿನಲ್ಲಿ ಅಡಗಿದ ಶತ್ರು ಕಾಣಲೆಂದು ಅಮೆರಿಕದ ವಿಮಾನಗಳು ಮೇಲಿನಿಂದ ಔಷಧಿ ಹೊಯ್ದದ್ದು, ಎಲೆಯೆಲ್ಲ ಉದುರಿ ಮರಗಳು ಬೆಂಕಿಕಡ್ಡಿಗಳ ಹಾಗೆ ನಿಂತದ್ದು, ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳ ಬಗ್ಗೆ ಜನ ಭಯದಿಂದ ಮಾತಾಡುತ್ತಿದ್ದದ್ದು. ಗ್ರಾಫಿಕ್ ಆಗಿ ಹೇಳುವುದರಲ್ಲಿ ನನಗೂ ಸ್ವಲ್ಪ ಹೆಮ್ಮೆ ಇತ್ತೆನ್ನಿ.

ಸುಮತಿ ಎದ್ದು ನಿಂತಳು. "ಮಿಸ್, ನಮ್ಮಲ್ಲಿಯೂ ಹೆಲಿಕಾಪ್ಟರ್ ಬರ್ತದೆ."

ಕ್ಲಾಸು ನಕ್ಕಿತು. ಅವಳ ಮನೆ ದೊಡ್ಡದೊಂದು ಗೇರುತೋಟದ ಅಂಚಿನಲ್ಲಿತ್ತು. ಗೇರು ಹೂ ಬಿಡುವ ಕಾಲಕ್ಕೆ ಸೊಳ್ಳೆಯಂಥ ಒಂದು ಹುಳ ಬರುತ್ತದಂತೆ. ಅದನ್ನು ಕೊಲ್ಲಲು ಗುಡ್ಡದ ಮೇಲಿನಿಂದ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದರು. ಅದು ಬಂದರೆ ಸುತ್ತಲ ಹಳ್ಳಿಗೆಲ್ಲ ಹಬ್ಬ. ಹೆಂಗಸರು ಒಲೆಯ ಮೇಲಿನದನ್ನು ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು, ಮಕ್ಕಳು ಅದರ ನೆರಳಿನ ಹಿಂದೆ ಗುಡ್ಡ ಹತ್ತುತ್ತಿದ್ದರು, ಮುಖ ಮೇಲೆತ್ತಿ, ಬಾಯಿ ತೆರೆದು.

"ಅದು ಯುದ್ಧದ್ದಲ್ಲ ಮಾರಾಯ್ತಿ, ಗೇರುಬೀಜದ್ದು" ಎಂದ ಇಬ್ರಾಹಿಂ. "ನಿಮ್ಮಲ್ಲಿ ಎಲೆ ಉದುರಿದೆಯಾ?"

"ಎಲೆ ಉದುರಲಿಲ್ಲ," ಎಂದಳು ಸುಮತಿ. "ಜೇನುನೊಣ ಇಲ್ಲ ಈಗ. ತೋಡಿನಲ್ಲಿ ಮೀನು ಅಂಗಾತ ಬೀಳ್ತದೆ."

ಆ ಸಂಜೆ ಅವಳು ಬಸ್ಸಿಗೆ ಓಡದೆ ನನ್ನ ಮೇಜಿನ ಪಕ್ಕ ನಿಂತುಕೊಂಡಳು. ಅಕ್ಕ ಸರೋಜ ಚೊಚ್ಚಲ ಬಸುರಿ. ಮುಂದಿನ ತಿಂಗಳು ಬಯಕೆಯ ಊಟಕ್ಕೆ ತವರಿಗೆ ಕರೆತರುತ್ತಾರೆ. ಮದ್ದು ಬಿಡುವುದೂ ಅದೇ ವಾರ. ಮನೆಯಲ್ಲಿ ಮಾತು ನಡೆಯುವುದು ಸೋದರಮಾವನದ್ದು, ಆ ಮಾವನೇ ಗೇರುತೋಟದಲ್ಲಿ ಮೇಸ್ತ್ರಿ.

"ನಾನು ಹೇಳಿದ್ರೆ ಕಾಲೇಜಿನ ಕೊಬ್ಬು ಅಂತ ಹೇಳ್ತಾರೆ. ನೀವು ಬಂದು ಹೇಳ್ಬೇಕು ಮಿಸ್. ಅಕ್ಕ ಆ ದಿನ ಹೊರಗೆ ಬರ್ಬಾರ್ದು. ಅಷ್ಟೇ ನನಗೆ ಬೇಕಾದ್ದು."

ಹೋದೆ. ಬಯಕೆಯ ದಿನ ಕಡಬದ ಬಸ್ಸಿಳಿದು ಕೆಂಪು ಮುರಕಲ್ಲಿನ ಒರಟು ದಾರಿಯಲ್ಲಿ ನಡೆಯುವಾಗ ನನ್ನ ಹೀಲ್ಸ್ ಕಿತ್ತುಹೋಯಿತು. ಇತಿಹಾಸದ ಅಧಿಕಾರವಾಣಿ ಚಪ್ಪಲಿ ಕೈಯಲ್ಲಿ ಹಿಡಿದು ಅವರ ಅಂಗಳ ಪ್ರವೇಶಿಸಿತು. ಸರೋಜ ಹಸಿರು ಸೀರೆ ಉಟ್ಟು, ಕೈತುಂಬ ಬಳೆ, ಜಡೆತುಂಬ ಮಲ್ಲಿಗೆ, ಚಾಪೆಯ ಮೇಲೆ ಕುಳಿತಿದ್ದಳು. ದುಂಡು ಮುಖದ, ಮಾತಿಗಿಂತ ಮೊದಲು ನಗುವ ಹುಡುಗಿ. ಅವಳ ಎದುರಿಗೆ ಬಗೆಬಗೆಯ ತಿಂಡಿ. ನಿಮಗೆ ಗೊತ್ತಿರಬಹುದು, ಬಯಕೆಯ ದಿನ ಬಸುರಿ ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ. ಆಸೆ ಉಳಿದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ನಂಬಿಕೆ. ಮಾವ ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಕೇಳಿದರು, "ಇದೆಲ್ಲ ಅತ್ತೆಯಂದಿರು ಮಾಡಿದ್ದು. ಮಾವ ಎಂತ ಕೊಡ್ಬೇಕು, ಹೇಳು."

ಸರೋಜ ತಲೆ ತಗ್ಗಿಸಿದಳು. "ಹೆಲಿಕಾಪ್ಟರ್ ಹಾರುದನ್ನು ಮಾತ್ರ ನೋಡಿದ್ದು ಮಾವ. ಇಳಿಯುದನ್ನು ಹತ್ತಿರದಿಂದ ನೋಡ್ಬೇಕು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾವನ ಮುಖ ಅರಳಿತು. ಲಾಡು ಕೊಡುವುದು ಯಾರಿಗೂ ಸಾಧ್ಯ. ಇದನ್ನು ಕೊಡಲು ಸಾಧ್ಯವಿದ್ದವರು ಆ ಹಳ್ಳಿಯಲ್ಲಿ ಅವರೊಬ್ಬರೇ. ಸುಮತಿ ಕಂಬದ ಹಿಂದಿನಿಂದ ನನ್ನನ್ನು ನೋಡಿದಳು.

ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆ. ವಿಯೆಟ್ನಾಮಿನ ಕಾಡು, ಮಕ್ಕಳು, ಇವರ ತೋಡಿನ ಮೀನು, ಎಲ್ಲವನ್ನೂ ಜೋಡಿಸಿ ಹೇಳಿದೆ. ಮಾವ ಒಂದು ಮಾತಿಗೂ ಅಡ್ಡ ಬರಲಿಲ್ಲ. ಹಳ್ಳಿಯ ಮರ್ಯಾದೆಯಷ್ಟು ಗಟ್ಟಿ ಗೋಡೆ ಇನ್ನೊಂದಿಲ್ಲ. ಮುಗಿದ ಮೇಲೆ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಲು ಹೇಳಿ, ಮೆಲ್ಲಗೆ ಕೇಳಿದರು.

"ಅಲ್ಲಿ ಯುದ್ಧ ಅಲ್ವಾ ಟೀಚರೇ?"

"ಹೌದು."

"ಹೊಯ್ದದ್ದು ಬೇರೆ ದೇಶದವರ ಮೇಲೆ?"

"ಹೌದು."

"ಇಲ್ಲಿ ಯುದ್ಧ ಇಲ್ಲ. ಹೊಯ್ಯುದು ನಮ್ಮವರೇ. ತನ್ನ ಜನರ ತಲೆಗೆ ತಾನೇ ವಿಷ ಹಾಕುವ ಸರಕಾರ ಎಲ್ಲಾದ್ರೂ ಉಂಟಾ? ನೀವು ಓದಿದವರು, ಹೇಳಿ."

ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. "ಇರಲಿಕ್ಕಿಲ್ಲ, ಆದರೂ..." ಅಂದೆ. ಆ 'ಆದರೂ' ಯಾರಿಗೂ ಕೇಳಿಸಲಿಲ್ಲ.

ಊಟ ಮುಗಿದದ್ದೇ ಮಾವ ಎಲ್ಲರನ್ನೂ ಗುಡ್ಡಕ್ಕೆ ಹೊರಡಿಸಿದರು. ನೆತ್ತಿಯಲ್ಲೊಂದು ಬೋಳು ಮೈದಾನ, ಹೆಲಿಕಾಪ್ಟರ್ ಮದ್ದು ತುಂಬಿಕೊಳ್ಳಲು ಇಳಿಯುವ ಜಾಗ. ಅಲ್ಲಿ ಡ್ರಮ್ಮುಗಳಲ್ಲಿ ಮದ್ದು ಕಲಸಿ ಇಟ್ಟಿದ್ದರು. ಸುಮತಿ ದಾರಿಯುದ್ದಕ್ಕೂ ಅಕ್ಕನ ಕೈ ಹಿಡಿದು ಏನೇನೋ ಹೇಳಿದಳು. ಸರೋಜ ಕೇಳಿಸಿಕೊಂಡಳು, ತಂಗಿಯ ಕೆನ್ನೆ ಸವರಿದಳು, "ನೋಡಿದ ಕೂಡಲೇ ಬಂದುಬಿಡುವ" ಅಂದಳು. ಆಗ ಸುಮತಿ ಮಾಡಿದ್ದು ಏನು ಗೊತ್ತೇ? ಮನೆಗೆ ಓಡಿ ಹೋಗಿ ಮಳೆಗಾಲದ ಕಪ್ಪು ಕೊಡೆ ತಂದು, ರಣಬಿಸಿಲಿನಲ್ಲಿ ಅಕ್ಕನ ತಲೆಯ ಮೇಲೆ ಬಿಡಿಸಿ ಹಿಡಿದಳು.

"ಎಂತ ಸುಮತಿ, ಮಳೆ ಬರ್ತದಾ?" ಯಾರೋ ಅತ್ತೆ ಛೇಡಿಸಿದರು.

"ಬಿಡಿ, ಇಂದಿರಾ ಗಾಂಧಿಗೆ ಹಿಡಿದ ಹಾಗೆ ಹಿಡಿಯಲಿ" ಎಂದರು ಇನ್ನೊಬ್ಬರು.

ಹೆಲಿಕಾಪ್ಟರ್ ಮರಗಳ ಮೇಲೆ ಬಿಳಿ ಸೆರಗು ಎಳೆದುಕೊಂಡು ಬಂತು. ಇಳಿಯುವಾಗ ಎದ್ದ ಗಾಳಿಗೆ ಕೆಂಪು ಧೂಳು, ಮದ್ದಿನ ಹನಿ, ಸರೋಜಳ ಜಡೆಯ ಮಲ್ಲಿಗೆ ಎಲ್ಲ ಒಟ್ಟಿಗೆ ಸುತ್ತಿದವು. ಕೊಡೆ ಮಗುಚಿ, ಕಡ್ಡಿಗಳು ಆಕಾಶ ನೋಡಿದವು. ಸುಮತಿ ಅದನ್ನು ಬಿಡಲೂ ಇಲ್ಲ, ಸರಿಮಾಡಲು ಆಗಲೂ ಇಲ್ಲ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಕಪ್ಪು ಕನ್ನಡಕದ ಪೈಲಟ್ ಒಳಗಿನಿಂದ ಕೈಬೀಸಿದ. ಸರೋಜ ಎರಡೂ ಕೈಯೆತ್ತಿ, ಬಳೆ ಸದ್ದಾಗುವಂತೆ ಬೀಸಿ ನಕ್ಕಳು. ಅಷ್ಟು ಪೂರ್ತಿಯಾದ ಸಂತೋಷವನ್ನು ನಾನು ಆಮೇಲೆ ಯಾರ ಮುಖದಲ್ಲೂ ನೋಡಿಲ್ಲ.

ಪರೀಕ್ಷೆ ಮುಗಿದು ಮಳೆ ಹಿಡಿಯುವ ಮೊದಲು ಗಂಡು ಮಗು ಹುಟ್ಟಿತು. ಚಂದ್ರ ಎಂದು ಹೆಸರಿಟ್ಟರು. ಕಿವಿ ಸೋರಲಿಲ್ಲ. ಆದರೆ ತಿಂಗಳುಗಳು ಕಳೆದರೂ ಕತ್ತು ನಿಲ್ಲಲಿಲ್ಲ, ಕಣ್ಣು ಯಾರನ್ನೂ ಹುಡುಕಲಿಲ್ಲ, ಕೈಕಾಲು ಒಣಗಿದ ಬಳ್ಳಿಯ ಹಾಗೆ ಒಳಕ್ಕೆ ಸುರುಟಿಕೊಂಡವು. ಆ ಒಂದು ದಿನದಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ನಾನು ಡಾಕ್ಟರಲ್ಲ, ಸರೋಜ ಅದೇ ಬಾವಿಯ ನೀರು ಕುಡಿದು ಬೆಳೆದವಳು, ಮದ್ದು ಅದಕ್ಕೂ ಹಿಂದಿನಿಂದ ಬೀಳುತ್ತಿತ್ತು. ಸುತ್ತಮುತ್ತ ಇನ್ನೂ ಕೆಲವು ಮನೆಗಳಲ್ಲಿ ಅಂಥ ಮಕ್ಕಳಿದ್ದವು. ಪ್ರತಿ ಮನೆಯವರೂ ಅದು ತಮ್ಮ ಮನೆಯದೊಂದೇ ಶಾಪವೆಂದು ಬಾಗಿಲು ಹಾಕಿಕೊಂಡಿದ್ದರು.

ಮಾವ ಒಮ್ಮೆಯೂ ಹೆಲಿಕಾಪ್ಟರಿನ ಹೆಸರೆತ್ತಲಿಲ್ಲ. ಗೇರುತೋಟ ಮಾಡುವಾಗ ನಾಗಬನ ಕಡಿದ ದೋಷ ಇದು ಎಂದರು. ವರ್ಷವರ್ಷವೂ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ ಮಾಡಿಸುತ್ತಿದ್ದರು. ಒಮ್ಮೆ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಅಷ್ಟು ಗಟ್ಟಿಮುಟ್ಟಾಗಿದ್ದ ಮನುಷ್ಯ, ಹೆಗಲಿನಿಂದ ಜೋತ ಮಗುವಿನ ತಲೆಗೆ ಒಂದು ಕೈ ಆನಿಸಿಕೊಂಡು, ನನ್ನ ಕಣ್ಣು ತಪ್ಪಿಸಿ ಬೇರೆ ಊರಿನ ಬಸ್ಸು ಹತ್ತಿದರು. ಅವರಿಗೆ ನಾಗನಾದರೂ ಇದ್ದ. ಅದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಸರೋಜಳ ಗಂಡನ ಮನೆಯವರು ಮಗುವನ್ನು ತವರಿನಲ್ಲೇ ಬಿಟ್ಟು ಬಾ ಎಂದರು. ಬಿಟ್ಟು ಹೋದಳು; ಮತ್ತೆರಡು ಬಸುರು ನಿಲ್ಲಲಿಲ್ಲ; ಮೂರನೆಯದರಲ್ಲಿ ಅವಳೇ ಹೋದಳು. ಮಗು ಹುಟ್ಟಿದ ವರ್ಷವೇ ಸುಮತಿ ನನ್ನ ಪೇಪರಿನಲ್ಲಿ ಕಾಲೇಜಿಗೇ ಮೊದಲಿಗಳಾಗಿ ಪಾಸಾಗಿದ್ದಳು. ಡಿಗ್ರಿಯ ಅಡ್ಮಿಶನ್ನಿಗೆ ಬರಲಿಲ್ಲ. ಮರುವರ್ಷ ನಾನೇ ಕರೆಯಲು ಹೋದೆ. ಮಗುವನ್ನು ಮಡಿಲಲ್ಲಿ ಮಲಗಿಸಿ ಕುಳಿತಿದ್ದವಳು, "ಇವನನ್ನು ಯಾರ ಕೈಗೆ ಕೊಟ್ಟು ಬರುದು ಮಿಸ್?" ಎಂದಳು. ತಾಳಮದ್ದಳೆಯಲ್ಲಿ ಅಮೆರಿಕದ ಬಾಯಿ ಮುಚ್ಚಿಸಿದವಳ ಪ್ರಶ್ನೆ. ತಂದಿದ್ದ ಅಡ್ಮಿಶನ್ ಫಾರ್ಮನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಆ ಬಳಿಕ ನಾನು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ರಿಟೈರಾದೆ. ಮದ್ದು ನಿಂತಿತು, ಗಲಾಟೆ, ಪೇಪರು, ಪರಿಹಾರದ ಮಾತು ಎಲ್ಲ ಬಂತು. ದೂರದಿಂದಲೇ ಓದಿದೆ. ಕಾಫಿ ಚೆಲ್ಲಿದ ಮರುದಿನ ಮಾತ್ರ ಕೂತಿರಲಾಗದೆ ಕಾರು ಮಾಡಿಸಿಕೊಂಡು ಹೋದೆ.

ಸುಮತಿಯ ತಲೆ ಪೂರ್ತಿ ಬೆಳ್ಳಗಾಗಿದೆ. ಮಾವ ಹೋಗಿ ವರ್ಷಗಳಾದವು. ಗಡ್ಡದಲ್ಲಿ ನರೆ ಬಂದ ಚಂದ್ರ ಐದು ವರ್ಷದ ಮಗುವಿನಷ್ಟು ಮೈ ಹೊತ್ತು ಅವಳ ತೊಡೆಗೆ ಒರಗಿದ್ದ. ಅವಳು ಗಂಜಿ ತಿನ್ನಿಸುತ್ತಾ, ನಾನು ನಿನ್ನೆಯಷ್ಟೇ ಕ್ಲಾಸು ಬಿಟ್ಟು ಹೋದವಳೋ ಎಂಬಂತೆ ಕೇಳಿದಳು.

"ಮಿಸ್, ಆ ವಿಯೆಟ್ನಾಮಿನವರದ್ದು ಕೊನೆಗೆ ಎಂತಾಯ್ತು?"

ಹೇಳಿದೆ. ಆ ಔಷಧಿ ತಾಗಿದ ಅಮೆರಿಕದ ಸೈನಿಕರು ಕೇಸು ಹಾಕಿದ್ದರು; ಕಂಪೆನಿಗಳು ಏನೋ ಒಂದಿಷ್ಟು ಕೊಟ್ಟು ಮುಗಿಸಿದವು. ವಿಯೆಟ್ನಾಮಿನವರು ಹಾಕಿದ ಕೇಸನ್ನು ಅಲ್ಲಿನ ಕೋರ್ಟು ತಳ್ಳಿಹಾಕಿತು.

ಸುಮತಿ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದಳು. "ತಮ್ಮವರಿಗೆ ಕೊಟ್ಟರು. ಹೊರಗಿನವರಿಗೆ ಇಲ್ಲ." "ಹಾಗಾದ್ರೆ ನಾವು ಯಾರು ಮಿಸ್?"

ಅವಳೇ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಇವನನ್ನು ನೋಡಿಕೊಳ್ಳಿ, ನೀರು ಬಿಸಿಗಿಟ್ಟಿದ್ದೇನೆ" ಎಂದು ಅವನ ತಲೆಯನ್ನು ನನ್ನ ತೋಳಿನ ಮೇಲೆ ಆನಿಸಿ ಎದ್ದು ಹೋದಳು. ನಲ್ವತ್ತು ವರ್ಷ ಅವನ ಬಗ್ಗೆ ಯೋಚಿಸಿದವಳು ನಾನು. ಮುಟ್ಟಿದ್ದು ಅದೇ ಮೊದಲು. ತಲೆ ಭಾರವಿತ್ತು. ಒಂದು ಚಮಚ ಗಂಜಿ ಬಾಯಿಗಿಟ್ಟೆ. ಅದು ಅಲ್ಲೇ ನಿಂತಿತು. ಅವನ ಕಣ್ಣು ಮೇಲೆ ಹೆಂಚಿನ ಮಾಡಿನತ್ತ ಇತ್ತು. ನನಗೆ ಗಾಬರಿಯಾಯಿತು.

"ಸುಮತೀ, ನುಂಗುವುದಿಲ್ಲ ಇವನು."

"ಗಂಟಲು ಸವರಿ ಮಿಸ್," ಒಳಗಿನಿಂದ ಹೇಳಿದಳು. "ಮೇಲಿನಿಂದ ಕೆಳಗೆ, ಮೆಲ್ಲ. ಇಳಿತದೆ."

ಸವರಿದೆ. ಇಳಿಯಿತು. ಇನ್ನೊಂದು ಚಮಚ ತುಂಬಿಸಿಕೊಂಡೆ.