ಕಾಲರಕ್ಕ ಮತ್ತು ಮಗುಚಿಟ್ಟ ಕೋನ್

ಅಂಗಿ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿದೂ ಹೊಲಿದೂ ಅವಳ ಸ್ವಂತ ಹೆಸರೇ ಎಲ್ಲರಿಗೂ ಮರೆತುಹೋಗಿ, ಅವಳು ಕಾಲರಕ್ಕ ಆಗಿಬಿಟ್ಟಿದ್ದಳು. ಮಾತು ಖಡಕ್ಕು, ಕೈ ಚುರುಕು. ಕೆಲಸದ ಮೇಲೆ ಅವಳಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದೆಲ್ಲ ಹೊಸ ಮ್ಯಾನೇಜರನ ಬಾಯಿಯ ಮೇಲೆ. ಆ ಮಹಾಶಯ ಬಾಯಿ ತೆರೆದರೆ 'ಕುಟುಂಬ'. ನಾವೆಲ್ಲ ಒಂದೇ ಕುಟುಂಬ, ಕಂಪನಿಯೇ ನಮ್ಮ ಕುಟುಂಬ. ಕಕ್ಕಸಿನ ಬಾಗಿಲಿಗೆ ಚಿಲಕ ಹಾಕಿಸಿ ಎಂದು ಕೇಳಿದ್ದಕ್ಕೂ, "ಕುಟುಂಬದೊಳಗೆ ಚಿಲಕ ಯಾಕಮ್ಮ?" ಅಂದಿದ್ದ ಪುಣ್ಯಾತ್ಮ.

ಅವನು ಬರುವ ಮೊದಲು ಅಲ್ಲಿ ಯಾರೂ ಆ ಮಾತು ಆಡಿದವರಲ್ಲ. ಆದರೆ ಕೋನ್ ಮಗುಚುವ ರೂಢಿಯೊಂದಿತ್ತು. ಯಾರಿಗಾದರೂ ಮೈ ಸರಿಯಿಲ್ಲವೋ, ಮಗುವಿಗೆ ಜ್ವರವೋ, ಹೊರಡಲೇಬೇಕೋ, ದಾರ ಮುಗಿದ ಖಾಲಿ ಕೋನನ್ನು ಮಷಿನ್ ಪಕ್ಕ ತಲೆಕೆಳಗಾಗಿ ಇಟ್ಟರೆ ಸಾಕು. ಅಕ್ಕಪಕ್ಕದವರು ಅವಳ ಪಾಲಿನ ಕೆಲಸವನ್ನು ತುಸು ತುಸುವೇ ಹಂಚಿಕೊಳ್ಳುತ್ತಿದ್ದರು. ಕಾರಣ ಕೇಳುವಂತಿಲ್ಲ. ಸಂಜೆಗೆ ಒಂದು ಅಂಗಿಯೂ ಕಡಿಮೆ ಬೀಳುತ್ತಿರಲಿಲ್ಲ.

ದೊಡ್ಡ ಗಿರಾಕಿಯೊಬ್ಬ ಫ್ಯಾಕ್ಟರಿ ನೋಡಲು ಬರುವುದಿತ್ತು. ಗೋಡೆಯಗಲದ ಬಟ್ಟೆಯ ಮೇಲೆ 'ನಿಮ್ಮ ಕುಟುಂಬ, ನಮ್ಮ ಕುಟುಂಬ' ಎಂದು ಅಕ್ಷರ ಹೊಲಿಯುವ ಕೆಲಸ ಕಾಲರಕ್ಕನ ತಲೆಗೆ ಬಂತು. ಅದೇ ದಿನ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿದ್ದ ಅವಳ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವವರಿದ್ದರು. ವರ್ಷಗಳಿಂದ ಮಗಳ ಮುಖವನ್ನು ಕೈಯಲ್ಲಿ ತಡವಿಯೇ ನೋಡುತ್ತಿದ್ದ ಮುದುಕಿ, "ಪಟ್ಟಿ ಬಿಚ್ಚಿದ ತಕ್ಷಣ ನೀನೇ ಎದುರಿಗಿರ್ಬೇಕು ಕಣೇ" ಎಂದು ಮಾತು ತೆಗೆದುಕೊಂಡಿದ್ದಳು.

"ಅರ್ಧ ದಿನ ಬಿಡಿ ಸಾರ್, ಅಮ್ಮನ ಕಣ್ಣಿನ ಪಟ್ಟಿ ಬಿಚ್ತಾರೆ."

"ನಾಳೆ ನೋಡ್ಕೊಂಡ್ರಾಯ್ತು ಬಿಡಮ್ಮ. ಕಣ್ಣೇನು ಓಡಿಹೋಗುತ್ತಾ?"

ಕಾಲರಕ್ಕ ಹಲ್ಲು ಕಚ್ಚಿಕೊಂಡು ಬಂದು ಕೋನ್ ಮಗುಚಿದಳು. ತೋಳು ಹೊಲಿಯುವಾಕೆ, ಇಡೀ ಲೈನಿಗೇ ಚಿಕ್ಕಮ್ಮ ಅನ್ನಿಸಿಕೊಂಡವಳು, "ನೀನು ಹೊರಡೇ, ಇದನ್ನ ನಾವು ನೋಡ್ಕೋತೀವಿ" ಎಂದು ಬಟ್ಟೆ ಎಳೆದುಕೊಂಡಳು. ಅಷ್ಟರಲ್ಲಿ ಮ್ಯಾನೇಜರ್ ಬಂದು ಕೋನನ್ನು ಕಸದ ಡಬ್ಬಕ್ಕೆ ಎಸೆದ.

"ಇದೇನಿದು ಮಕ್ಕಳಾಟ? ಅವರವರ ಕೆಲಸ ಅವರವರೇ ಮಾಡ್ಬೇಕು. ಇನ್ನೊಬ್ಬರ ಪೀಸಿಗೆ ಕೈ ಹಾಕಿದವರಿಗೆ ಗೇಟು ತೋರಿಸ್ತೀನಿ."

ಅಮ್ಮನ ಜೊತೆಗೆ ಪಕ್ಕದ ಮನೆಯಾಕೆ ಹೋದಳು. ಪಟ್ಟಿ ಬಿಚ್ಚಿದಾಗ ಅಮ್ಮ ಎದುರಿಗಿದ್ದ ನರ್ಸಿನ ಕೆನ್ನೆ ಸವರಿ, "ಎಷ್ಟು ಬದಲಾಗಿದೀಯೇ ಮಗಳೇ" ಎಂದಳಂತೆ. ಆ ಹೊತ್ತಿಗೆ ಮಗಳು ಎರಡನೆಯ 'ಕುಟುಂಬ'ಕ್ಕೆ ಕೊಂಬು ಹೊಲಿಯುತ್ತಿದ್ದಳು. ಸಂಜೆ ಇದನ್ನು ಕೇಳಿ ಕಾಲರಕ್ಕ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅತ್ತದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಗಿರಾಕಿ ಬಂದ ದಿನ ಬ್ಯಾನರ್ ಜಂಬದಿಂದ ತೂಗಾಡುತ್ತಿತ್ತು. ಗ್ರಹಚಾರಕ್ಕೆ ತೋಳು ಹೊಲಿಯುವ ಮಷಿನ್ನುಗಳು ಕೆಟ್ಟು ಕೂತವು. ಒಂದೇ ಒಂದು ಓಡುತ್ತಿತ್ತು, ಅದರ ಮುಂದೆ ಚಿಕ್ಕಮ್ಮ ಬೆವರು ಸುರಿಸುತ್ತಿದ್ದಳು. ತೋಳಿಲ್ಲದ ಅಂಗಿಗಳು ರಾಶಿ ಬಿದ್ದವು. ಕಾಲರಿನ ಹೆಂಗಸರು ತಮ್ಮ ಪಾಲು ಮುಗಿಸಿ, ತೋಳನ್ನೂ ಹೊಲಿಯಬಲ್ಲ ಮಷಿನ್ನುಗಳ ಮುಂದೆಯೇ ಕೈಕಟ್ಟಿ ಕೂತಿದ್ದರು. ಒಬ್ಬಿಬ್ಬರು ಚಿಕ್ಕಮ್ಮನ ಕಡೆ ಏಳಲು ಹೋಗಿ ಮತ್ತೆ ಕೂತರು, ಗೇಟಿನ ಮಾತು ಕಿವಿಯಲ್ಲಿತ್ತು.

"ಸ್ವಲ್ಪ ನೀವೂ ಕೈ ಹಾಕ್ರಮ್ಮಾ," ಎಂದ ಮ್ಯಾನೇಜರ್, ಗಿರಾಕಿಗೆ ಕೇಳಿಸದ ಹಾಗೆ.

"ಅವರವರ ಕೆಲಸ ಅವರವರೇ ಅಂದಿದ್ರಲ್ಲ ಸಾರ್," ಎಂದಳು ಒಬ್ಬಳು, ಗಿರಾಕಿಗೆ ಚೆನ್ನಾಗಿ ಕೇಳಿಸುವ ಹಾಗೆ.

ಗಿರಾಕಿ ಬ್ಯಾನರ್ ನೋಡಿದ, ರಾಶಿ ನೋಡಿದ, ಗಡಿಯಾರ ನೋಡಿದ. ಮುಂದಿನ ಆರ್ಡರಿನ ಮಾತನ್ನೇ ಎತ್ತದೆ ಕಾರು ಹತ್ತಿದ.

ಕೆಲಸ ಬಿಡುವ ಗಂಟೆ ಹೊಡೆಯಿತು, ತೋಳಿಲ್ಲದ ರಾಶಿ ಹಾಗೇ ಉಳಿದಿತ್ತು. ಮ್ಯಾನೇಜರ್ ಎಲ್ಲಿಂದಲೋ ಒಂದು ಖಾಲಿ ಕೋನ್ ಹುಡುಕಿ ತಂದು ಕಾಲರಕ್ಕನ ಮುಂದೆ ಮಗುಚಿಟ್ಟ. ಅವನ ಮುಖ ಬಾಡಿಹೋಗಿತ್ತು. ಇಡೀ ಲೈನು ಅವಳನ್ನೇ ನೋಡಿತು. ಅವಳಿಗೆ ಅಯ್ಯೋ ಪಾಪ ಅನ್ನಿಸಲಿಲ್ಲ ಎಂದಲ್ಲ, ಅನ್ನಿಸಿತು. ಆದರೆ ನರ್ಸಿನ ಕೆನ್ನೆ ನೆನಪಾಯಿತು.

ಅವಳು ಕೋನನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

"ಮನೇಲಿ ಅಮ್ಮ ಕಾಯ್ತಿದಾಳೆ ಸಾರ್," ಎಂದು ಚೀಲ ಹೆಗಲಿಗೇರಿಸಿದಳು. "ಬೆಳಕಿರುವಾಗ್ಲೇ ನನ್ನ ಮುಖ ನೋಡ್ಬೇಕಂತೆ."